ಭಾನುವಾರದ ಕೇಳುಕೂಟ: ಎಲ್‌ಪಿ ತರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಎಲ್‌ಪಿ (ಹಾಡಿನ ವಿನೈಲ್ ತಟ್ಟೆ) ಹಾಕಿ ಒಟ್ಟಿಗೆ ಕೇಳೋಣ, ಮಾಮೂಲಿ ಜಾಗದಲ್ಲೇ.

ಈ ಸಲ ಬ್ರಿಟನ್, ಐರ್ಲೆಂಡ್‌ಗಳ ಮರೆತುಹೋದ ಫೋಕ್-ರಾಕ್ (ಜಾನಪದ ಹಾಡಿನ ಧಾಟಿ ಬೆರೆತ ರಾಕ್) ತಂಡಗಳು: ಟ್ರೀಸ್ (70ರ ದಶಕದ ಆರಂಭದಲ್ಲಿ ಸಿಬಿಎಸ್ ರೆಕಾರ್ಡ್ ಕಂಪನಿಯಿಂದ ಎರಡು ಆಲ್ಬಂ), ಡಬ್ಲಿನ್‌ನ ಮೆಲ್ಲೋ ಕ್ಯಾಂಡಲ್ (ಡೆರಾಮ್ ಕಂಪನಿಯ ಆಲ್ಬಂ, 1972), ಕೋಮಸ್ (1971). ಮೆಲ್ಲೋ ಕ್ಯಾಂಡಲ್‌ನಲ್ಲಿ ಕ್ಲೋಡಾ ಸೈಮಂಡ್ಸ್, ಆಲಿಸನ್ ವಿಲಿಯಮ್ಸ್ ಇಬ್ಬರ ದನಿ ಒಂದರೊಳಗೊಂದು ಹೆಣೆದುಕೊಳ್ಳುವುದನ್ನು ಪೂರ್ತಿ ಕೇಳಬೇಕು, ಮಧ್ಯೆ ಹರಟೆ ಬೇಡ. ಕೋಮಸ್‌ನ ಸಾಹಿತ್ಯದಲ್ಲಿ ಹಿಂಸೆ ಜಾಸ್ತಿ. ಅದನ್ನು ಕೊನೆಗೆ ಹಾಕುತ್ತೇವೆ, ಮಕ್ಕಳ ಜೊತೆ ಬಂದವರು ಅಷ್ಟರಲ್ಲಿ ಹೊರಡಬಹುದು.

ಎಲ್‌ಪಿ ತರುವವರಿಗೆ:
- ಹೊರಡುವ ಮುಂಚೆ ಧೂಳು ಒರೆಸಿ. ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಸಾಕು. ಗೆರೆಗಳ ಗುಂಟ ಸುತ್ತಾಗಿ ಒರೆಸಿ, ಅಡ್ಡ ಒರೆಸಿದರೆ ಗೀರು ಬೀಳುತ್ತೆ. ನಲ್ಲಿ ನೀರು ಬೇಡ, ಆರಿದ ಮೇಲೆ ಉಪ್ಪಿನಂಶ ಉಳಿದು ಪಟಪಟ ಸದ್ದು ಬರುತ್ತೆ. ಲೇಬಲ್ ಒದ್ದೆಯಾಗದಿರಲಿ.
- ಕಾರಿನಲ್ಲಿ ನಿಲ್ಲಿಸಿಯೇ ಇಡಿ. ಬಿಸಿಲಿಗೆ ಬಿಟ್ಟ ಡಿಸ್ಕ್ ಸೊಟ್ಟಗಾದರೆ ಮತ್ತೆ ಸರಿಹೋಗೋದು ಕಷ್ಟ.
- 60ರ ದಶಕದ ಮೋನೋ (ಎಡ-ಬಲ ಬೇರೆಯಿಲ್ಲದ, ಒಂದೇ ಚಾನೆಲ್‌ನ) ಪ್ರತಿಯಾದರೆ ಮೊದಲೇ ಹೇಳಿ. ಆಂಪ್ಲಿಫೈಯರ್‌ನ ಮೋನೋ ಗುಂಡಿ ಒತ್ತಿದರೆ ಎಡ-ಬಲ ಚಾನೆಲ್ ಒಂದಾಗಿ ಕರಕರ ಸದ್ದು ಎಷ್ಟೋ ಕಡಿಮೆಯಾಗುತ್ತೆ.

ಮರುಮುದ್ರಣವಾದರೂ ಅಡ್ಡಿಯಿಲ್ಲ. ಮೂಲ ಪ್ರತಿಗಳ ಬೆಲೆ ನಿಮಗೇ ಗೊತ್ತು.

ಯಾರು ಯಾವ ಆಲ್ಬಂ ತರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಒಂದೇ ಆಲ್ಬಂ ಇಬ್ಬರು ಹೊತ್ತು ತರೋದು ಬೇಡ.