ಕನ್ನಡ ಓಸಿಆರ್ ಓಡದೆ ನಿಂತಾಗ: ಮಂಜುವಿಗೊಂದು ಪತ್ರ

ಪ್ರೀತಿಯ ಮಂಜು,

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಅದರ ಕೆಳಗೆ ಬರೆದಿದ್ದೆಯಲ್ಲ, "ಪಿಪ್ ಕೆಟ್ಟಿದೆ ಅನ್ಸುತ್ತೆ, ಉಬುಂಟು ಪೂರ್ತಿ ತೆಗೆದು ಮತ್ತೆ ಹಾಕ್ಲಾ?" ಅಂತ. ಬೇಡ ಮಾರಾಯ. ಪೈಥಾನ್ ಭಾಷೆಯ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತಂದು ಹಾಕುವ ಪಿಪ್ ಕೆಟ್ಟಿಲ್ಲ, ನಿನ್ನ ಲ್ಯಾಪ್‌ಟಾಪೂ ಕೆಟ್ಟಿಲ್ಲ. ನಿಮ್ಮೂರ ಗ್ರಂಥಾಲಯದಲ್ಲಿರುವ ಹಳೇ ಕನ್ನಡ ಮಾಸಪತ್ರಿಕೆಗಳು ಹುಡುಕಿದರೆ ಸಿಗುವಂತಾಗಬೇಕು ಅಂತ, ಬೇರೆಯವರು ಬರೆದ ಓಸಿಆರ್ ಪ್ರಾಜೆಕ್ಟೊಂದನ್ನು (ಪುಟದ ಚಿತ್ರದಿಂದ ಅಕ್ಷರ ಓದುವ ಕೋಡ್) ಓಡಿಸಲು ಹೊರಟವನು ನೀನು. ಅದಕ್ಕೆ ಬೇಕಾದ ನಾಲ್ಕು ಲೈಬ್ರರಿಗಳು, ಅಂದರೆ ಅಂಥ ಪ್ಯಾಕೇಜುಗಳು, ಒಂದಕ್ಕೊಂದು ಹೊಂದಲಿಲ್ಲ ಅಂತ ಆ ಕೆಲಸ ನಿಲ್ಲಬಾರದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಒಪ್ಪಿದ್ದೀಯಲ್ಲ, ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಸ್ಕ್ರೀನ್‌ಶಾಟ್‌ನಲ್ಲಿ ಇದ್ದದ್ದು ಕೊನೆಯ ಕೆಲವು ಸಾಲು ಮಾತ್ರ. ಅಲ್ಲಿ ಪಿಪ್ ಏನು ಹೇಳುತ್ತಿತ್ತು ನೋಡು: ತೊಂದರೆ ಇರುವುದು ಮೇಲೆ ಹೆಸರಿಸಿದ ಪ್ಯಾಕೇಜಿನಲ್ಲಿ, ನನ್ನಲ್ಲಲ್ಲ, ವಿವರಕ್ಕೆ ಮೇಲೆ ನೋಡು ಅಂತ. ಆ ಸೂಚನೆ ನಿಜ. ಕಾರಣ ಯಾವಾಗಲೂ ಮೇಲಿರುತ್ತದೆ. ಟರ್ಮಿನಲ್‌ನಲ್ಲಿ ಮೇಲಕ್ಕೆ ಹೋಗಿ, ಮೊದಲು ಎಡವಿದ್ದು ಎಲ್ಲಿ ಅಂತ ಹುಡುಕು. ಆಮೇಲೆ ಬರುವ ಸಾಲುಗಳೆಲ್ಲ ಬಹುಪಾಲು ಅದರ ಪರಿಣಾಮ. ಕೊನೇ ಸಾಲನ್ನು ಗೂಗಲ್ ಮಾಡಿದರೆ ನೂರು ಜನರ ನೂರು ಬೇರೆ ತೊಂದರೆಗಳು ಸಿಗುತ್ತವೆ.

ನೀನು ಆಮೇಲೆ ಕಳಿಸಿದ ಪೂರ್ತಿ ಲಾಗ್‌ನಲ್ಲಿ ಮೊದಲು ಎಡವಿದ್ದು ಲೆಕ್ಕಾಚಾರದ ಲೈಬ್ರರಿ ನಮ್‌ಪೈ. ಆ ಪ್ರಾಜೆಕ್ಟು 2023ರ ಮೊದಲರ್ಧದ್ದು. ಅದಕ್ಕೆ ಬೇಕಾದ ಪ್ಯಾಕೇಜುಗಳ ಪಟ್ಟಿ ಇರುವ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ನಮ್‌ಪೈ 1.23.5 ಬೇಕು ಅಂತ ಖಚಿತವಾಗಿ ಬರೆದಿದೆ. ನಿನ್ನ ಲ್ಯಾಪ್‌ಟಾಪ್ ನಡೆಸುವ ಉಬುಂಟು 24.04ರಲ್ಲಿ ಇರುವುದು ಪೈಥಾನ್ 3.12. ಇವೆರಡಕ್ಕೂ ಆಗಿಬರುವುದಿಲ್ಲ. ಯಾಕೆ ಅಂದರೆ, ನಮ್‌ಪೈ ಒಳಗೆ ಬಹಳಷ್ಟು ಸಿ ಭಾಷೆಯ ಕೋಡ್ ಇದೆ. ಅದನ್ನು ಮೊದಲೇ ಕಂಪೈಲ್ ಮಾಡಿ (ಕಂಪ್ಯೂಟರ್ ನೇರವಾಗಿ ಓಡಿಸುವ ರೂಪಕ್ಕೆ ತಂದು), ಸಿದ್ಧ ಫೈಲಾಗಿ ಕೊಡುತ್ತಾರೆ. ಅದಕ್ಕೇ ವೀಲ್ ಅನ್ನುವುದು. ಒಂದೊಂದು ಪೈಥಾನ್ ವರ್ಷನ್ನಿಗೂ ಬೇರೆ ಬೇರೆ ವೀಲ್ ಬೇಕು. ಫೈಲಿನ ಹೆಸರಿನಲ್ಲೇ ಸಿಪಿ310, ಸಿಪಿ312 ಅಂತ ಇರುತ್ತದೆ, ಯಾವ ಪೈಥಾನ್‌ಗೆ ಅಂತ ಅದರಿಂದ ಗೊತ್ತಾಗುತ್ತದೆ. ಪೈಥಾನ್ 3.12ಕ್ಕೆ ನಮ್‌ಪೈ ವೀಲ್ ಸಿಗಲು ಶುರುವಾಗಿದ್ದು 1.26ರಿಂದ. 1.23.5ಕ್ಕೆ ಅದು ಇಲ್ಲವೇ ಇಲ್ಲ.

ವೀಲ್ ಸಿಗದಿದ್ದಾಗ ಪಿಪ್ ಕೈಕಟ್ಟಿ ಕೂರುವುದಿಲ್ಲ. ಮೂಲ ಕೋಡ್ ಇಳಿಸಿಕೊಂಡು ನಿನ್ನ ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಆ ಹಳೇ ನಮ್‌ಪೈ ತನ್ನ ಬಿಲ್ಡ್‌ಗೆ ಹಳೇ ಸೆಟಪ್‌ಟೂಲ್ಸ್ (ಪ್ಯಾಕೇಜು ಕಟ್ಟುವ ಸಲಕರಣೆ) ಕೇಳುತ್ತದೆ. ಆ ಸೆಟಪ್‌ಟೂಲ್ಸ್ ಪೈಥಾನ್‌ನ ಒಳಗಿನ ಕೆಲವು ಭಾಗಗಳನ್ನು ನಂಬಿಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ 3.12 ಬಂದಾಗ ಆ ಭಾಗಗಳನ್ನು ತೆಗೆದುಹಾಕಿದರು. ಡಿಸ್ಟ್‌ಯುಟಿಲ್ಸ್ ಹೋಯಿತು. ಪಿಕೆಜಿಯುಟಿಲ್‌ನಲ್ಲಿದ್ದ ಇಂಪ್‌ಇಂಪೋರ್ಟರ್ ಹೋಯಿತು. ನಿನ್ನ ಲಾಗ್‌ನಲ್ಲಿ 'ಇಂಪ್‌ಇಂಪೋರ್ಟರ್ ಇಲ್ಲ' ಅನ್ನುವ ಸಾಲಿದೆಯಲ್ಲ, ಅದೇ ಇದು. ಇನ್ನು ಮುಂದೆ ಆ ಹೆಸರು ಎಲ್ಲಿ ಕಂಡರೂ, ಹಳೇ ಪ್ಯಾಕೇಜನ್ನು ಹೊಸ ಪೈಥಾನ್ ಮೇಲೆ ಹಾಕಲು ಹೊರಟಿದ್ದೇವೆ ಅಂತ ತಿಳಿದುಕೋ.

ನೀನು ಮಾಡಿದ ಮುಂದಿನ ಕೆಲಸ ನಮ್‌ಪೈ ಎದುರಿನ ಸಂಖ್ಯೆ ಅಳಿಸಿದ್ದು. ಆಗ ಟಾರ್ಚ್ (ಎಐ ಮಾದರಿ ಓಡಿಸುವ ಪೈಟಾರ್ಚ್ ಲೈಬ್ರರಿ) ತಕರಾರು ತೆಗೆಯಿತು. ಟಾರ್ಚ್ 1.13.1ಕ್ಕೂ 3.12ರ ವೀಲ್ ಇಲ್ಲ. ಆದರೆ ಪಿಪ್ ಮೂಲಕ ಟಾರ್ಚ್‌ನ ಮೂಲ ಕೋಡ್ ಸಿಗುವುದಿಲ್ಲ, ಹಾಗಾಗಿ ಕಂಪೈಲ್ ಮಾಡುವ ಮಾತೇ ಇಲ್ಲ. 'ಹೊಂದುವ ವರ್ಷನ್ ಸಿಗಲಿಲ್ಲ' ಅಂತ ಹೇಳಿ ಆವರಣದಲ್ಲಿ ಸಿಗುವ ವರ್ಷನ್‌ಗಳ ಪಟ್ಟಿ ಕೊಟ್ಟಿತು. ಆ ಪಟ್ಟಿಯನ್ನು ಯಾರೂ ಓದುವುದಿಲ್ಲ, ನೀನು ಓದು. ಪಟ್ಟಿ 2.2ರಿಂದ ಶುರುವಾಗಿದೆ ಅಂದರೆ, ನಿನ್ನ ಪೈಥಾನ್‌ಗೆ ಅದಕ್ಕಿಂತ ಹಳೆಯದು ಇಲ್ಲ ಅಂತ ಅರ್ಥ. ಪಟ್ಟಿಯಲ್ಲಿ 'ನನ್' (ಯಾವುದೂ ಇಲ್ಲ) ಅಂತ ಮಾತ್ರ ಬಂದರೆ ಹೆಸರು ತಪ್ಪಿರಬಹುದು, ಅಥವಾ ನಿನ್ನ ಪೈಥಾನ್‌ಗೆ ಅದು ಸಿಗುವುದೇ ಇಲ್ಲ, ಅಥವಾ ನೆಟ್ ಇಲ್ಲ.

ನಾನು ಹೇಳಿದ ಮೇಲೆ ನೀನು ಪೈಥಾನ್ 3.10 ಹಾಕಿಕೊಂಡೆ. ಒಳ್ಳೆಯದಾಯಿತು. ಎಲ್ಲವೂ ಒಂದೂ ತಕರಾರಿಲ್ಲದೆ ಇನ್‌ಸ್ಟಾಲ್ ಆಯಿತು. ಓಡಿಸಿದರೆ ಮಾತ್ರ 'ನಮ್‌ಪೈ 1.ಎಕ್ಸ್‌ನಲ್ಲಿ ಕಂಪೈಲ್ ಆದ ಮಾಡ್ಯೂಲ್ ನಮ್‌ಪೈ 2ರಲ್ಲಿ ಓಡುವುದಿಲ್ಲ' ಅಂತ ಬಂತು. ಅದರ ಕೆಳಗೆ 'ನಮ್‌ಪೈ ಲಭ್ಯವಿಲ್ಲ'. ನೀನು ಕೇಳಿದ ಪ್ರಶ್ನೆ ಸರಿಯಾಗಿದೆ: ಆಗಷ್ಟೇ ಹಾಕಿದ ನಮ್‌ಪೈ ಇಲ್ಲ ಅಂದರೆ ಹೇಗೆ?

ನಮ್‌ಪೈ ಇದೆ. ಆದರೆ ಅದು ಟಾರ್ಚ್‌ಗೆ ಗೊತ್ತಿರುವ ನಮ್‌ಪೈ ಅಲ್ಲ. 2024ರ ಜೂನ್‌ನಲ್ಲಿ ನಮ್‌ಪೈ 2.0 ಬಂತು. 2006ರಲ್ಲಿ 1.0 ಬಂದಮೇಲೆ ಅದೇ ಮೊದಲ ದೊಡ್ಡ ಬದಲಾವಣೆ. ಸಿ ಮಟ್ಟದಲ್ಲಿ ಒಳಗಿನ ಜೋಡಣೆಯೇ ಬದಲಾಯಿತು. ಹಳೇ ಜೋಡಣೆ ನೋಡಿ ಕಂಪೈಲ್ ಆದ ಟಾರ್ಚ್‌ಗೆ ಹೊಸದು ಅರ್ಥವಾಗುವುದಿಲ್ಲ. ನೀನು ಸಂಖ್ಯೆ ಅಳಿಸಿದ್ದರಿಂದ ಪಿಪ್ ಸಿಕ್ಕಿದ್ದರಲ್ಲಿ ಹೊಸದನ್ನು ತಂದಿಟ್ಟಿತು. ಅದು ಮುಂಚೆಯೇ ಯಾಕೆ ಎಚ್ಚರಿಸಲಿಲ್ಲ? ಟಾರ್ಚ್ 1.13 ತನಗೆ ಬೇಕಾದ್ದರ ಪಟ್ಟಿಯಲ್ಲಿ ನಮ್‌ಪೈ ಹೆಸರನ್ನೇ ಬರೆದಿಲ್ಲ. ಬರೆಯದ್ದನ್ನು ಪಿಪ್ ಓದುವುದು ಹೇಗೆ?

ಮಂಜು, ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಇದೇ. ಪಿಪ್ ಕೆಂಪು ಅಕ್ಷರದಲ್ಲಿ ಕೂಗಿದಾಗ ನಿನಗೆ ಬೇಸರವಾಗುತ್ತದೆ. ಆದರೆ ಕೂಗುವ ತೊಂದರೆ ಒಳ್ಳೆಯ ತೊಂದರೆ. ಯಾರಿಗೆ ಯಾವುದು ಬೇಕು, ಎಲ್ಲಿ ಹೊಂದುತ್ತಿಲ್ಲ ಅಂತ ಹೆಸರು ಹಿಡಿದು ಹೇಳುತ್ತದೆ. 2020ರ ನವೆಂಬರ್‌ನಲ್ಲಿ ಪಿಪ್ 20.3 ಬರುವವರೆಗೆ ಹೀಗಿರಲಿಲ್ಲ. ಮೊದಲು ಸಿಕ್ಕ ಬೇಡಿಕೆ ನೋಡಿ ಒಂದು ವರ್ಷನ್ ಹಾಕಿ ಮುಂದೆ ಹೋಗಿಬಿಡುತ್ತಿತ್ತು. ಇನ್ನೊಬ್ಬರ ಬೇಡಿಕೆ ಮುರಿದರೂ ಇನ್‌ಸ್ಟಾಲ್ ಮುಗಿಯುತ್ತಿತ್ತು. ಈಗ ಎಲ್ಲರಿಗೂ ಒಪ್ಪುವ ಜೋಡಿ ಹುಡುಕುತ್ತದೆ, ಸಿಗದಿದ್ದರೆ ನಿಲ್ಲಿಸುತ್ತದೆ. ಅದು ದೊಡ್ಡ ಉಪಕಾರ. ಭಯಪಡಬೇಕಾದದ್ದು ಸದ್ದಿಲ್ಲದೆ ಇನ್‌ಸ್ಟಾಲ್ ಆಗುವ ತೊಂದರೆಗೆ. ಯಾರೂ ಬರೆದಿಡದ ಬೇಡಿಕೆ ಅಲ್ಲಿ ಅಡಗಿರುತ್ತದೆ.

ನಿನ್ನ ಪ್ರಾಜೆಕ್ಟಿನಲ್ಲೇ ಇಂಥದ್ದು ಇನ್ನೂ ಎರಡಿವೆ. ಒಂದು ಪಿಲ್ಲೋ, ಚಿತ್ರಗಳನ್ನು ನಿಭಾಯಿಸುವ ಲೈಬ್ರರಿ. ಫೈಲಿನಲ್ಲಿ ಅದರ ಎದುರು ಸಂಖ್ಯೆ ಇಲ್ಲ. 2023ರ ಜುಲೈನಲ್ಲಿ ಬಂದ ಪಿಲ್ಲೋ 10ರಲ್ಲಿ 'ಆಂಟಿಏಲಿಯಾಸ್' ಅನ್ನುವ ಹೆಸರನ್ನು ತೆಗೆದರು. ಅದರ ಬದಲು 'ಲಾಂಚೋಸ್' ಬಳಸಿ ಅಂತ ಮೊದಲಿಂದಲೂ ಹೇಳುತ್ತಿದ್ದರು. ಆದರೆ ನಿನ್ನ ಪ್ರಾಜೆಕ್ಟಿನಲ್ಲಿ ಅಕ್ಷರ ಓದುವ ಈಸಿಓಸಿಆರ್ 1.7.0 ಒಳಗೆ ಹಳೇ ಹೆಸರೇ ಇತ್ತು. ನಮ್‌ಪೈ ಸರಿಮಾಡಿದ ತಕ್ಷಣ ನಿನಗೆ ಈ ಎರರ್ ಎದುರಾಗುತ್ತದೆ, ಕಾದು ನೋಡು. ಪಿಲ್ಲೋ 9.5.0 ಅಂತ ಬರೆದರೆ ಆಯಿತು.

ಎರಡನೆಯದು ಓಪನ್‌ಸಿವಿ, ಇದೂ ಚಿತ್ರಗಳದ್ದೇ ಲೈಬ್ರರಿ. ಇದು ಹೆಚ್ಚು ಕಾಡುತ್ತದೆ, ಯಾಕೆಂದರೆ ಪ್ಯಾಕೇಜುಗಳ ಹೊಂದಾಣಿಕೆ ನೋಡುವ 'ಪಿಪ್ ಚೆಕ್' ಕೂಡ ಇದನ್ನು ಹಿಡಿಯುವುದಿಲ್ಲ. ನಿನ್ನ ಫೈಲಿನಲ್ಲಿ ಓಪನ್‌ಸಿವಿ-ಪೈಥಾನ್ ಇದೆ. ಈಸಿಓಸಿಆರ್ ತನ್ನ ಪಾಡಿಗೆ ಓಪನ್‌ಸಿವಿ-ಪೈಥಾನ್-ಹೆಡ್‌ಲೆಸ್ ಎಳೆದುಕೊಂಡು ಬರುತ್ತದೆ. ಪಿಪ್ ಕಣ್ಣಿಗೆ ಇವು ಎರಡು ಬೇರೆ ಪ್ಯಾಕೇಜು. ಆದರೆ ಎರಡೂ ಹೋಗಿ ಕೂರುವುದು ಸಿವಿ2 ಅನ್ನುವ ಒಂದೇ ಫೋಲ್ಡರಿನಲ್ಲಿ. ನಂತರ ಬಂದದ್ದು ಮೊದಲಿನದರ ಫೈಲುಗಳ ಮೇಲೆ ತನ್ನವನ್ನು ಬರೆಯುತ್ತದೆ. ಒಂದನ್ನು ತೆಗೆದರೆ ಇನ್ನೊಂದೂ ಮುರಿಯುತ್ತದೆ. ಇದಕ್ಕೆ ದಾರಿ ಒಂದೇ: ಎರಡನ್ನೂ ತೆಗೆದು ಹೆಡ್‌ಲೆಸ್ ಮಾತ್ರ ಹಾಕು. ಕಿಟಕಿ ತೆರೆದು ಚಿತ್ರ ತೋರಿಸುವ ಸೌಲಭ್ಯ ಅದರಲ್ಲಿ ಇಲ್ಲ, ಪುಟ ಓದಿಸಲು ಅದು ನಿನಗೆ ಬೇಕಾಗಿಯೂ ಇಲ್ಲ. 'ಲಿಬ್‌ಜಿಎಲ್ ಸಿಗಲಿಲ್ಲ' ಅನ್ನುವ ಎರರೂ ಇದರ ಜತೆಗೇ ಹೋಗುತ್ತದೆ.

ಹಾಗಾದರೆ ನಮ್‌ಪೈ 1.23.5 ವಾಪಸ್ ಹಾಕಿದರೆ ಮುಗಿಯಿತಾ? ಅಲ್ಲೊಂದು ಸಣ್ಣ ಕಂದಕ ಇದೆ. ಈಗ ನಿನ್ನಲ್ಲಿ ಇರುವುದು ಓಪನ್‌ಸಿವಿ 4.12. ಅದಕ್ಕೆ ನಮ್‌ಪೈ 2 ಬೇಕು. ಇದ್ದ ಜಾಗದಲ್ಲೇ ನಮ್‌ಪೈ ಮಾತ್ರ ಹಳೇ ವರ್ಷನ್‌ಗೆ ಇಳಿಸಿದರೆ ಪಿಪ್ ಒಂದು ಎಚ್ಚರಿಕೆ ಕೊಟ್ಟು, ಆದರೂ ಇಳಿಸಿಬಿಡುತ್ತದೆ. ಆಗಲೇ ಹಾಕಿರುವ ಪ್ಯಾಕೇಜುಗಳನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಪೈಥಾನ್ ಪರಿಸರದಲ್ಲಿ (ಪೈಥಾನ್ ಮತ್ತು ಅದರ ಪ್ಯಾಕೇಜುಗಳು ಕೂತಿರುವ ಫೋಲ್ಡರ್) ಒಂದು ಲೈಬ್ರರಿಯ ಒಂದೇ ವರ್ಷನ್ ಇರಲು ಸಾಧ್ಯ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜಗತ್ತಿನಲ್ಲಿ ಪಿಪ್‌ನಂಥ ಎನ್‌ಪಿಎಮ್ ಒಂದೊಂದು ಪ್ಯಾಕೇಜಿನ ಒಳಗೆ ಅದರದ್ದೇ ಪ್ರತಿ ಇಡಬಲ್ಲದು. ಪೈಥಾನ್ ಹಾಗಲ್ಲ, ಒಂದೇ ಅಡುಗೆಮನೆಯಲ್ಲಿ ಎಲ್ಲರಿಗೂ ಒಂದೇ ಸಾರು. ಹಾಗಾಗಿ ಬಿಡಿಬಿಡಿಯಾಗಿ ಹಾಕಬೇಡ. ಆ ಪರಿಸರದ ಫೋಲ್ಡರ್ ಪೂರ್ತಿ ಅಳಿಸು. ಹೊಸದಾಗಿ ಮಾಡು. ಎಲ್ಲ ಬೇಡಿಕೆಗಳನ್ನೂ ಒಂದೇ ಫೈಲಿನಲ್ಲಿ ಬರೆದು ಒಂದೇ ಸಲ ಕೊಡು. ಆಗ ಪಿಪ್ ತಾನೇ ಹಿಂದೆ ಸರಿದು, ನಮ್‌ಪೈ 1ಕ್ಕೆ ಒಪ್ಪುವ ಹಳೇ ಓಪನ್‌ಸಿವಿ ಆರಿಸುತ್ತದೆ. ಹುಡುಕಾಟ ತುಂಬಾ ಹೊತ್ತು ಹಿಡಿದು, ಒಂದೇ ಪ್ಯಾಕೇಜಿನ ಹಲವು ವರ್ಷನ್‌ಗಳನ್ನು ಇಳಿಸತೊಡಗಿದರೆ ನಿಲ್ಲಿಸು. ಆ ಪ್ಯಾಕೇಜಿಗೆ ನೀನೇ ಒಂದು ಮಿತಿ ಬರೆದು ಮತ್ತೆ ಓಡಿಸು.

ಪರಿಸರ ಅಂದಾಗ ನೆನಪಾಯಿತು. ಮೊದಮೊದಲು ನೀನು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅನ್ನುವ ಆಯ್ಕೆ ಕೊಟ್ಟು, ಸುಡೋ (ಪೂರ್ಣ ಅಧಿಕಾರದ ಆಜ್ಞೆ) ಜತೆ ಉಬುಂಟುವಿನ ಪೈಥಾನ್‌ಗೇ ಹಾಕಿದ್ದೀಯ. ಯಾವುದೋ ಉತ್ತರ ನೋಡಿ ಮಾಡಿದ್ದು ಅಂತ ಗೊತ್ತು. ದಯವಿಟ್ಟು ಇನ್ನು ಬೇಡ. ಉಬುಂಟುವಿನ ಎಷ್ಟೋ ಸಲಕರಣೆಗಳು ಅದೇ ಪೈಥಾನ್ ಮೇಲೆ ನಡೆಯುತ್ತವೆ. ಅದಕ್ಕೇ ಈಗಿನ ಉಬುಂಟು, ಡೆಬಿಯನ್‌ಗಳು ನೇರ ಪಿಪ್ ಇನ್‌ಸ್ಟಾಲ್ ತಡೆಯುತ್ತವೆ. ಆಗ ಹಾಕಿದ್ದೆಲ್ಲ 'ಯುಎಸ್‌ಆರ್ ಲೋಕಲ್' ಒಳಗೆ ಕೂತಿರುತ್ತದೆ, ಅದೇ ಸುಡೋ ಪಿಪ್‌ನಿಂದಲೇ ಅನ್‌ಇನ್‌ಸ್ಟಾಲ್ ಮಾಡು. ಉಬುಂಟು ಮತ್ತೆ ಹಾಕುವ ಅಗತ್ಯವಿಲ್ಲ. ಪ್ರಾಜೆಕ್ಟಿಗೊಂದು ವೆನ್ವ್ (ಪ್ರತ್ಯೇಕ ಪರಿಸರ) ಮಾಡುವ ಸೌಕರ್ಯ 2012ರ ಪೈಥಾನ್ 3.3ರಿಂದಲೂ ಜತೆಗೇ ಬರುತ್ತದೆ. ಬೇರೆ ಬೇರೆ ಪೈಥಾನ್ ವರ್ಷನ್‌ಗಳನ್ನು ಇಳಿಸಲು ಯುವಿ ಅನ್ನುವ ಸಲಕರಣೆ ಬಳಸು, ನನಗೆ ಅದು ಬಹಳ ಹಿಡಿಸಿದೆ. ಪ್ಯಾಕೇಜು ಹಾಕುವುದರಲ್ಲೂ ಪಿಪ್‌ಗಿಂತ ಎಷ್ಟೋ ವೇಗ. ಪಿಪ್ ಬಳಸುವಾಗ ಸುಮ್ನೆ ಪಿಪ್ ಅಂತ ಕರೆಯದೆ 'ಪೈಥಾನ್ ಎಮ್ ಪಿಪ್' ಅಂತ ಪೈಥಾನ್ ಮೂಲಕವೇ ಕರೆ. ಯಾವ ಪೈಥಾನ್‌ಗೆ ಹಾಕುತ್ತಿದ್ದೇವೆ ಅನ್ನುವ ಗೊಂದಲ ಆಗ ಉಳಿಯುವುದಿಲ್ಲ.

ಟಾರ್ಚ್ ಬಗ್ಗೆ ಒಂದು ಮಾತು. ನಿನ್ನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಲಿನಕ್ಸ್‌ನಲ್ಲಿ ಸುಮ್ನೆ ಟಾರ್ಚ್ ಅಂದರೆ ಆ ಕಾರ್ಡಿಗೆ ಬೇಕಾದ ಕುಡಾ ಸಮೇತ ಬರುತ್ತದೆ, ಊರಿನ ನೆಟ್‌ನಲ್ಲಿ ಅದು ಇಳಿಯುವುದೇ ದೊಡ್ಡ ಕಷ್ಟ. ಪೈಟಾರ್ಚ್‌ನವರು ಸಿಪಿಯುಗೆ ಮಾತ್ರ ಆಗುವ ವೀಲ್‌ಗಳನ್ನು ಬೇರೆ ವಿಳಾಸದಲ್ಲಿ ಇಟ್ಟಿದ್ದಾರೆ. ಅಲ್ಲಿಂದ ತರಿಸು.

ಇನ್ನು ಟೆಸೆರಾಕ್ಟ್, ನಿನ್ನ ಪ್ರಾಜೆಕ್ಟು ಬಳಸುವ ಇನ್ನೊಂದು ಓಸಿಆರ್. ಇದಕ್ಕೂ ಪಿಪ್‌ಗೂ ಸಂಬಂಧವೇ ಇಲ್ಲ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪೈಟೆಸೆರಾಕ್ಟ್ ಹಾಕಿದರೆ ಬರುವುದು ಟೆಸೆರಾಕ್ಟನ್ನು ಕರೆಯುವ ಪುಟ್ಟ ಪೈಥಾನ್ ಕೋಡ್ ಮಾತ್ರ. ನಿಜವಾದ ಟೆಸೆರಾಕ್ಟ್ ಬೇರೆಯೇ ಪ್ರೋಗ್ರಾಂ. ಎಚ್‌ಪಿ ಕಂಪನಿಯಲ್ಲಿ 1985ರಲ್ಲಿ ಶುರುವಾಗಿ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದನ್ನು ಉಬುಂಟುವಿನದೇ ಇನ್‌ಸ್ಟಾಲರ್ ಆಪ್ಟ್ ಮೂಲಕ ಹಾಕಬೇಕು. ಅಷ್ಟಾದರೂ ಕನ್ನಡ ಬರುವುದಿಲ್ಲ. ಕನ್ನಡದ ತರಬೇತಿ ಡೇಟಾ 'ಕೆ-ಎ-ಎನ್' ಅನ್ನುವ ಸಂಕೇತದಲ್ಲಿ ಬೇರೆ ಪ್ಯಾಕೇಜಾಗಿದೆ, ಅದನ್ನೂ ಹಾಕು. ಈಸಿಓಸಿಆರ್‌ನಲ್ಲಿ ಮಾತ್ರ ಕನ್ನಡಕ್ಕೆ 'ಕೆ-ಎನ್' ಅಂತ ಬರೆಯಬೇಕು. ಎರಡನ್ನೂ ಬೆರೆಸಿಬಿಡಬೇಡ.

ಹೊಸ ಪೈಥಾನ್, ಹೊಸ ಲೈಬ್ರರಿಗಳಿಗೇ ಯಾಕೆ ಹೋಗಬಾರದು ಅಂತ ನೀನು ಕೇಳಬಹುದು. ಹೋಗಲೇಬೇಕು. 3.10ಕ್ಕೆ ಭದ್ರತಾ ತಿದ್ದುಪಡಿ ಸಿಗುವುದು 2026ರ ಅಕ್ಟೋಬರ್‌ವರೆಗೆ ಮಾತ್ರ. ಆದರೆ ಬೇರೆಯವರು ಬರೆದ ಕೋಡನ್ನು ಮೊದಲು ಅವರ ಕಾಲದ ವರ್ಷನ್‌ಗಳಲ್ಲೇ ಒಮ್ಮೆ ಓಡಿಸಿ ನೋಡು. ಒಂದು ಪುಟ ಸರಿಯಾಗಿ ಓದಿಸಿ, ಆ ಫಲಿತಾಂಶ ಎತ್ತಿಟ್ಟುಕೋ. ಆಮೇಲೆ ಒಂದೊಂದಾಗಿ ಮೇಲಕ್ಕೆ ತಾ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಆಗ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗೊತ್ತಾಗುವುದಿಲ್ಲ.

ಓಡಿದ ದಿನವೇ ಎರಡು ಫೈಲ್ ಮಾಡು. ಒಂದರಲ್ಲಿ ನೀನು ಬೇಕು ಅಂತ ಕೇಳಿದವು ಮಾತ್ರ: ಈಸಿಓಸಿಆರ್, ಟಾರ್ಚ್, ನಮ್‌ಪೈ, ಪಿಲ್ಲೋ, ಪೈಟೆಸೆರಾಕ್ಟ್. ನಮ್‌ಪೈ, ಪಿಲ್ಲೋಗಳಿಗೆ ಮಿತಿ ಯಾಕೆ ಹಾಕಿದೆ ಅಂತ ಪಕ್ಕದಲ್ಲೇ ಒಂದು ಸಾಲು ಬರೆ. ಇನ್ನೊಂದರಲ್ಲಿ 'ಪಿಪ್ ಫ್ರೀಜ್' ಕೊಡುವ ಪೂರ್ತಿ ಪಟ್ಟಿ. ಪೈಥಾನ್ ವರ್ಷನ್ ಮತ್ತು ಆಪ್ಟ್‌ನಿಂದ ಹಾಕಿದ್ದನ್ನು ರೀಡ್‌ಮಿ ಅನ್ನುವ ವಿವರಣೆ ಫೈಲಿನಲ್ಲಿ ಬರೆ. ಈ ಮಾಹಿತಿ ಯಾವ ಪಿಪ್ ಪಟ್ಟಿಯಲ್ಲೂ ಬರುವುದಿಲ್ಲ. ಗ್ರಂಥಾಲಯದ ಹುಡುಗಿಯೊಬ್ಬಳು ಮುಂದೆ ಈ ಕೆಲಸ ನೋಡಿಕೊಳ್ಳುತ್ತಾಳೆ ಅಂದಿದ್ದೆಯಲ್ಲ, ಅವಳ ಕಂಪ್ಯೂಟರಿನಲ್ಲಿ ಇದನ್ನು ಮೊದಲಿಂದ ಹಾಕಿಸಿ ನೋಡು. ಅಲ್ಲಿ ಏನಾದರೂ ತಪ್ಪಿದರೆ ರೀಡ್‌ಮಿಯಲ್ಲಿ ಅಷ್ಟು ಬಿಟ್ಟುಹೋಗಿದೆ ಅಂತ.

ಮತ್ತೆ ಸಿಕ್ಕಿಕೊಂಡರೆ ಸ್ಕ್ರೀನ್‌ಶಾಟ್ ಬೇಡ. ಪೂರ್ತಿ ಲಾಗ್, ಪೈಥಾನ್ ವರ್ಷನ್, ಪಿಪ್ ಪಟ್ಟಿ, ಈ ಮೂರನ್ನೂ ಅಕ್ಷರದಲ್ಲೇ ಕಳಿಸು. ಎಲ್ಲ ಓಡಿದರೆ ಒತ್ತಕ್ಷರ ಜಾಸ್ತಿ ಇರುವ ಒಂದು ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಕಳಿಸು. ಈಸಿಓಸಿಆರ್, ಟೆಸೆರಾಕ್ಟ್ ಎರಡರಲ್ಲಿ ಯಾವುದು ಚೆನ್ನಾಗಿ ಓದುತ್ತದೆ ಅಂತ ಒಟ್ಟಿಗೆ ನೋಡೋಣ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಗಿರೀಶ