ಇದ್ದ ಊರಾಗ ವೋಟ ಇರಬೇಕು ತಮ್ಮಾ

ತಮ್ಮಾ,

ನೀನು, ಸೊಸಿ, ಕೂಸು ಎಲ್ಲಾರೂ ಆರಾಮ ಅದೀರಿ ಅಂತ ತಿಳದೀನಿ, ಇಲ್ಲಿ ಬೈಲಹೊಂಗಲದಾಗ ನಾವೂ ಆರಾಮ. ಮೊನ್ನಿ ಫೋನಿನ್ಯಾಗ ನೀ ಒಂದ ಮಾತ ಅಂದಿ ನೋಡು, "ದೊಡ್ಡವ್ವಾ, ಗಲ್ಲಿ ಗಟಾರ ತುಂಬಿ ಹರಿಯಾಕತ್ತೈತಿ, ಆದ್ರ ನಾವು ಬಾಡಿಗಿ ಮಂದಿ, ನಮ್ಮ ವೋಟ ಊರಾಗ ಐತಿ, ನಾವ ಹೋಗಿ ಯಾರಿಗೇನ ಕೇಳೂದು" ಅಂತ. ಆ ಮಾತ ನನಗ ಬಾಳ ಹತ್ತೇತಿ, ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ, ಸಾವಕಾಶ ಓದು.

ಬೆಳಗಾವಿ ಅಂಗೋಳದಾಗ ಮನಿ ಮಾಡಿ, ಉದ್ಯಮಬಾಗದಾಗ ದುಡದು, ರಾಕಸಕೊಪ್ಪದ್ದೋ ಹಿಡಕಲ್ಲಿಂದೋ ಬಂದ ನೀರ ಕುಡದು, ಅದ ಊರಾಗ ಕೂಸಿನ್ನ ಬೆಳಸಾಕತ್ತಿ, ಆದ್ರೂ ನೀ ಇನ್ನೂ ಪಾವಣ್ಯಾ ಬಂದಂಗ ಇದ್ದಿ. ಮನಿ ಸ್ವಂತದ್ದಾದ್ರ ಅಷ್ಟ ವೋಟ ಅಂತ ಯಾವ ಕಾಯದೇನೂ ಹೇಳೂದಿಲ್ಲ. ಕಾಯಂ ಎಲ್ಲಿ ವಾಸ ಅದೀಯೋ ಅಲ್ಲಿ ನಿನ್ನ ಹೆಸರಿರಬೇಕು, ಅಷ್ಟ ಅದು ಕೇಳೂದು. ಮಾಲಕ ತುಂಬೂ ಮನಿ ಟ್ಯಾಕ್ಸ್ ಐತಲ್ಲ, ಅದೂ ನೀ ಕೊಡೂ ಬಾಡಿಗ್ಯಾಗಿಂದನ ಹೋಗತೈತಿ.

ಸಾಲಿ ಕೆಲಸದಾಗ ಇದ್ದಾಗ ಬೆಳಗಾವ್ಯಾಗ ಬಿಎಲ್‌ಒ, ಅಂದ್ರ ಬೂತ್ ಮಟ್ಟದ ಅಧಿಕಾರಿ ಡ್ಯೂಟಿ ಮಾಡೀನಿ, ವೋಟರ್ ಯಾದಿ ಹಿಡಕೊಂಡ ಶಹಾಪುರ, ವಡಗಾವಿ ಗಲ್ಲಿ ಗಲ್ಲಿ ತಿರಗೀನಿ. ಬಾಡಿಗಿ ಮನಿ ಬಾಗಲಾ ಬಡದ್ರ ಒಳಗಿನವರು ಹೇಳೂದು ಇದ ಮಾತು, "ಬಾಯಾರ, ನಮ್ಮದು ಊರಾಗ ಐತ್ರಿ". ಊರಾಗ ಹೆಸರ ತಗಸಿದ್ರ ಹೊಲದ ಉತಾರದಾಗಿಂದೂ ಹೆಸರ ಹೋಗತೈತಿ, ರೇಶನ್ ಬಂದ್ ಆಗತೈತಿ ಅಂತ ಅವರಿಗೆ ಅಂಜಿಕಿ. ತಮ್ಮಾ, ನಿನಗೂ ಅದ ಅಂಜಿಕಿ ಇದ್ರ ತಗದ ಒಗಿ. ಉತಾರ ಕಂದಾಯ ಇಲಾಖೆದ್ದು, ರೇಶನ್ ಆಹಾರ ಇಲಾಖೆದ್ದು, ವೋಟರ್ ಲಿಸ್ಟಿಗೂ ಅವಕ್ಕೂ ಸಂಬಂಧನ ಇಲ್ಲ. ಆದ್ರ ಎರಡೂ ಕಡೆ ಹೆಸರ ಇಟಗೊಂಡ ಕುಂದರೂದು ಮಾತ್ರ ಬ್ಯಾಡ. ಫಾರಂದಾಗ ಸುಳ್ಳ ಬರದ ಕೊಟ್ರ ಒಂದ ವರ್ಷದ ತನಕ ಸಜಾ ಆಗಬಹುದು, ಕಾಯದೇದಾಗ ಹಂಗ ಐತಿ.

ನಿನಗ ಬೇಕಾದದ್ದು ಫಾರಂ 8. ಹೊಸದಾಗಿ ಹೆಸರ ಸೇರಸೂದಕ್ಕ ಫಾರಂ 6, ಅದು ನಿನಗಲ್ಲ, ನಿಂದು ಕಾರ್ಡ್ ಐತಲ್ಲ. ವಿಳಾಸ ಬದಲಿ, ಹೆಸರಿನ ತಪ್ಪು, ಕಾರ್ಡ್ ಕಳದದ್ದು ಎಲ್ಲಾಕೂ 8ನ. ಚುನಾವಣಾ ಆಯೋಗದ ಆ್ಯಪಿನ್ಯಾಗ ಮನಿಯಾಗ ಕುಂತ ತುಂಬಬಹುದು, ಇಲ್ಲಾಂದ್ರ ನಿನ್ನ ಬೂತಿನ ಬಿಎಲ್‌ಒ ಕೈಯಾಗ ಕೊಡು, ಯಾರು ಅಂತ ಗೊತ್ತಿಲ್ಲಾಂದ್ರ 1950ಕ್ಕ ಫೋನ್ ಹಚ್ಚಿ ಕೇಳು. ಮಾಲಕ ಕರಾರಪತ್ರ ಕೊಡೂದಿಲ್ಲ ಅಂದ್ರೂ ಚಿಂತಿ ಮಾಡಬ್ಯಾಡ, ಈಗಿನ ವಿಳಾಸ ಇರೂ ಆಧಾರೋ, ಬ್ಯಾಂಕ್ ಪಾಸ್‌ಬುಕ್ಕೋ, ಗ್ಯಾಸಿನ ಬಿಲ್ಲೋ ನಡೀತೈತಿ, ಯಾವದೂ ಇಲ್ಲಾಂದ್ರೂ ಬಿಎಲ್‌ಒ ಮನಿಗೆ ಬಂದ ನೋಡಿ ವರದಿ ಕೊಡತಾರ. ಮಾಲಕಗೂ ತಿಳಿಸಿ ಹೇಳು, ಯಾದ್ಯಾಗ ಹೆಸರ ಬಂತಂತ ಮನಿ ಯಾರದೂ ಆಗೂದಿಲ್ಲ ಅಂತ.

ಇದನ್ನ ಈಗನ ಮಾಡು, ಇಲೆಕ್ಷನ್ ಡಿಕ್ಲೇರ್ ಆದಮ್ಯಾಲ ಓಡಬ್ಯಾಡ, ಅಷ್ಟೊತ್ತಿಗೆ ತಹಶೀಲ್ದಾರ ಕಚೇರಿ ಮುಂದ ಪಾಳಿ ಹತ್ತಿರತೈತಿ. ಊರಿನ ಹುಡುಗರಿಗೂ ಹೇಳು, ಮೊದಲ ಜನವರಿ 1ಕ್ಕ 18 ತುಂಬಿದ್ರ ಅಷ್ಟ ಇತ್ತು, ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಕೂ ತಿಂಗಳ ಒಂದನೇ ತಾರೀಖು ಲೆಕ್ಕ ಐತಿ, 17 ತುಂಬಿದವರು ಮುಂಗಡ ಅರ್ಜಿ ಹಾಕಬಹುದು.

ಮಹಾನಗರ ಪಾಲಿಕಿ ವೋಟ ಸಣ್ಣದು ಅಂತ ಮಂದಿ ತಿಳಕೊಂಡಾರ, ನನಗ ಅದ ದೊಡ್ಡದು ಅನಸತೈತಿ. ಎಂಪಿ ನಿನ್ನ ಗಟಾರ ನೋಡಾಕ ಬರೂದಿಲ್ಲ, ನಗರಸೇವಕ, ಅಂದ್ರ ವಾರ್ಡಿನ ಪಾಲಿಕಿ ಸದಸ್ಯ ನೋಡಬೇಕು. ಬೆಳಗಾವ್ಯಾಗ 58 ವಾರ್ಡು, 2021ರ ಸೆಪ್ಟೆಂಬರ್ 3ಕ್ಕ ಇಲೆಕ್ಷನ್ ಆತು, ನೀ ಆವಾಗ ಅಲ್ಲೇ ಇದ್ದಿ, ಆದ್ರ ವೋಟ ಇರಲಿಲ್ಲ. ಒಂದು ನೆನಪ ಇಟಗೋ, ಪಾಲಿಕಿ ಇಲೆಕ್ಷನ್ ಮಾಡೂದು ರಾಜ್ಯ ಚುನಾವಣಾ ಆಯೋಗ, ಅದು ವಿಧಾನಸಭಾ ಯಾದಿನ್ನ ತಗೊಂಡ ವಾರ್ಡ್ ಪ್ರಕಾರ ಹಂಚತೈತಿ. ಆ ಹಂಚೂದ್ರಾಗ ಗಲ್ಲಿ ಈ ಕಡೆದ್ದು ಆ ಕಡೆಗೆ ಹೋಗಿರತೈತಿ, ಕರಡು ಯಾದಿ ಬಂದಾಗ ನೋಡಿ ಆಕ್ಷೇಪಣಾ ಕೊಡಾಕ ಟೈಮ್ ಕೊಡತಾರ, ಆವಾಗ ಸುಮ್ನಿದ್ದು ವೋಟಿನ ದಿನ ಬೂತಿನ ಮುಂದ ಜಗಳಾ ತಗದ್ರ ಉಪಯೋಗ ಇಲ್ಲ.

ಸೊಸಿ ಬಿ.ಎ. ಓದ್ಯಾಳಲ್ಲ, ಆಕಿಗೆ ಇನ್ನೊಂದು ವೋಟ ಐತಿ, ಬಾಳ ಮಂದಿಗೆ ಗೊತ್ತ ಇಲ್ಲ. ವಾಯವ್ಯ ಪದವೀಧರ ಕ್ಷೇತ್ರ, ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾ ಸೇರಿ ವಿಧಾನ ಪರಿಷತ್ತಿಗೆ ಒಬ್ಬರನ್ನ ಆರಸೂದು. 2022ರ ಜೂನಿನ್ಯಾಗ ಆಗಿತ್ತು, ಆರ ವರ್ಷಕ್ಕೊಮ್ಮಿ ಬರತೈತಿ. ಸಾದಾ ಯಾದ್ಯಾಗ ಹೆಸರಿದ್ರ ಇದಕ್ಕ ಸಾಲೂದಿಲ್ಲ, ಪ್ರತಿ ಸಲ ಹೊಸ ಯಾದಿ ಮಾಡತಾರ, ಫಾರಂ 18 ತುಂಬಿ ಡಿಗ್ರಿ ಸರ್ಟಿಫಿಕೇಟ್ ಜೋಡಸಬೇಕು, ನವೆಂಬರ್ 1ಕ್ಕ ಡಿಗ್ರಿ ಮುಗದ ಮೂರ ವರ್ಷ ಆಗಿರಬೇಕು. ಅಲ್ಲಿ ಮಷಿನ್ ಇಲ್ಲ, ಚೀಟಿ ಮ್ಯಾಲ 1, 2, 3 ಅಂತ ಬರಿಯೂದು, ಅದೂ ಅವರು ಕೊಟ್ಟ ಪೆನ್ನಿಲೇನ. ಆಕಿಗೆ ತಪ್ಪದ ಹೇಳು, ಹೆಣ್ಣಮಕ್ಕಳು ಓದಿ ಮನಿಯಾಗ ಕುಂತ್ರ ಅವರ ಡಿಗ್ರಿಗೆ ಇರೂ ಈ ಹಕ್ಕೂ ಹಂಗ ಹೋಗತೈತಿ.

ಲೋಕಸಭಾ, ವಿಧಾನಸಭಾ ವೋಟಿನ ದಿನ ಕಾರ್ಖಾನಿಯವರು ಪಗಾರಿ ಸೂಟಿ ಕೊಡಬೇಕು, ಕಾಯದೇ ಐತಿ, ಕೇಳಾಕ ನಾಚಬ್ಯಾಡ. ನಿಮ್ಮ ಅಜ್ಜಿ 2023ರಾಗ ಮನಿಯಾಗ ಕುಂತ ವೋಟ ಹಾಕಿದ್ಲು, ಆವಾಗ 80 ದಾಟಿದವರಿಗೆ ಇತ್ತು, 2024ಕ್ಕ ಅದನ್ನ 85 ಮಾಡ್ಯಾರ. ನಿಮ್ಮ ಗಲ್ಲಿಯಾಗ ಅಂಥಾ ವಯಸ್ಸಾದವರು, ಇಲ್ಲಾ 40 ಪರ್ಸೆಂಟ್ ಮ್ಯಾಲ ಅಂಗವಿಕಲತೆ ಇದ್ದವರು ಇದ್ರ ಫಾರಂ 12ಡಿ ತುಂಬಾಕ ಕೈ ಕೂಡಸು. ನಿನ್ನ ಹೆಸರಿನ್ಯಾಗ ಯಾರರೆ ಮೊದಲ ವೋಟ ಹಾಕಿದ್ರ ವಾಪಸ್ ಬರಬ್ಯಾಡ, ಟೆಂಡರ್ ವೋಟ ಕೇಳು, ಬ್ಯಾರೆ ಚೀಟಿ ಕೊಡತಾರ.

ರೊಕ್ಕ, ಕುಕ್ಕರ್, ಸೀರಿ ಹಂಚಾಕ ಬರತಾರ, ತಗೋಬ್ಯಾಡ ತಮ್ಮಾ. ತಗೊಂಡವನು ನಾಳೆ ಗಟಾರದ ಸಲುವಾಗಿ ಬಾಯಿ ತಗಿಯಾಕ ಅಂಜತಾನ.

ಈಗ ಗಟಾರದ ಮಾತು. ಯಾದ್ಯಾಗ ಹೆಸರ ಬರೂ ತನಕ ಕಾಯಬೇಕಂತೇನಿಲ್ಲ, ದೂರು ಕೊಡಾಕ ವೋಟರ್ ಕಾರ್ಡ್ ಯಾರೂ ಕೇಳೂದಿಲ್ಲ. ಪಾಲಿಕಿಗೆ ಬರದ ಕೊಟ್ಟ ಇನ್ನೊಂದು ಪ್ರತಿ ಮ್ಯಾಲ ಸಿಕ್ಕಾ ಹೊಡಿಸಿಕೊ, ಫೋಟೋ ಇಟಗೊ. ಆಗಲಿಲ್ಲಾಂದ್ರ 1902 ಜನಸ್ಪಂದನಕ್ಕ ಫೋನ್ ಹಚ್ಚು, ದೂರಿನ ನಂಬರ್ ಬರಕೊಂಡ ಬೆನ್ನ ಹತ್ತು. ಕರೆಂಟಿಂದು ಹೆಸ್ಕಾಂ, 1912. ಒಬ್ಬನ ಹೋಗಬ್ಯಾಡ, ಮಗ್ಗಲ ಮನಿ ಮರಾಠಿ ಕಾಕೂನ್ನೂ ಗಣಪತಿ ಮಂಡಳದ ಹುಡುಗರನ್ನೂ ಕರಕೊಂಡ ಹೋಗು, ಗಟಾರ ನಾರೂದು ಎಲ್ಲಾರ ಮನಿ ಮುಂದನೂ. ಪಾಲಿಕಿ ಕಾಯದೇದಾಗ ವಾರ್ಡ್ ಸಮಿತಿ ಅಂತ ಐತಿ, ನಗರಸೇವಕ ಅಧ್ಯಕ್ಷ, ಹತ್ತ ಮಂದಿ ತನಕ ಸದಸ್ಯರು, ಅದರಾಗ ಕನಿಷ್ಠ ಮೂರ ಮಂದಿ ಹೆಣ್ಣಮಕ್ಕಳು. ನಿಮ್ಮ ವಾರ್ಡಿಂದು ಏನಾಗೇತಿ ಅಂತ ಕೇಳು, ಸೊಸಿ ಅರ್ಜಿ ಹಾಕಲಿ.

ಕೂಸಿಗೆ ಜ್ವರ ಬಂದ್ರ ದೊಡ್ಡ ದವಾಖಾನಿಗೆ ಓಡಿ ರೊಕ್ಕ ಸುರಿಯೂಕಿಂತ ಮೊದಲ ಹತ್ತರ ಸರಕಾರದ "ನಮ್ಮ ಕ್ಲಿನಿಕ್" ಎಲ್ಲೈತಿ ನೋಡು, ಡಾಕ್ಟರೂ ಔಷಧಾನೂ ಪುಕ್ಕಟಿ. ಅಂಗನವಾಡಿಗೆ ಬಾಡಿಗಿ, ಸ್ವಂತ ಅನ್ನೂ ಭೇದ ಇಲ್ಲ. ಮನಿ ಟ್ಯಾಕ್ಸಿನ ಮ್ಯಾಲ 6 ಪರ್ಸೆಂಟ್ ಗ್ರಂಥಾಲಯ ಕರ ಇರತೈತಿ, ಅಂದ್ರ ಊರಿನ ಲೈಬ್ರರಿ ನಿಮ್ಮದನ, ಹೋಗಿ ಮೆಂಬರ್ ಆಗ್ರಿ. ಪಗಾರಿಂದೋ ಮಾಲಕಂದೋ ತಕರಾರ ಬಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಐತಿ, ಕಾರ್ಖಾನಿ ಕೆಲಸಗಾರರಿಗೆ, ಹೆಣ್ಣಮಕ್ಕಳಿಗೆ ಗಳಿಕಿ ಎಷ್ಟ ಇದ್ರೂ ವಕೀಲರನ್ನ ಪುಕ್ಕಟಿ ಕೊಡತಾರ, 15100ಕ್ಕ ಫೋನ್ ಹಚ್ಚು.

ಈ ರವಿವಾರ ಸೂಟಿ ಇದ್ದಾಗ ಇಬ್ಬರದೂ ಫಾರಂ 8 ತುಂಬ್ರಿ. ತುಂಬಿದ ಮ್ಯಾಲ ಒಂದ ರೆಫರೆನ್ಸ್ ನಂಬರ್ ಬರತೈತಿ, ಅದನ್ನ ನನಗ ವಾಟ್ಸಾಪ್ ಮಾಡು, ಎಲ್ಲಿಗೆ ಬಂತು ಅಂತ ನಾನೂ ನೋಡಕೋತ ಇರತೀನಿ.

ನಿನ್ನ ದೊಡ್ಡವ್ವ