ಬಾಟಲಿ ಸಸಿಗಳ ಮಾರಾಟ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ದೀಪಾವಳಿ ಪಾಡ್ಯದಿಂದ ನಮ್ಮಲ್ಲಿ ಬಾಟಲಿಯೊಳಗಿನ ಕಳ್ಳಿ ಸಸಿಗಳು, ಅಂದರೆ ಗಿಡದ ಸಣ್ಣ ತುಂಡನ್ನು ಸೋಂಕಿಲ್ಲದ ಬಾಟಲಿಯಲ್ಲಿಟ್ಟು ಟಿಶ್ಯೂ ಕಲ್ಚರ್ ವಿಧಾನದಲ್ಲಿ ಬೆಳೆಸಿದವು, ಮಾರಾಟಕ್ಕೆ ಇರುವುದಿಲ್ಲ. ಕುಂಡದಲ್ಲಿ ಬೇರೂರಿ ಹೊರಗಿನ ಗಾಳಿಗೆ ಒಗ್ಗಿದ ಸಸಿಗಳನ್ನು ಮಾತ್ರ ಕೊಡುತ್ತೇವೆ. 180 ರೂಪಾಯಿ ಇದ್ದ ದರ 260 ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊರಿಯರ್ ಇರುವುದಿಲ್ಲ. ಹಬ್ಬದ ಹೊತ್ತಿಗೆ ಇಂಥ ಪತ್ರ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ಆದರೆ ಸುದ್ದಿ ನಮಗಿಂತ ಮೊದಲೇ ವಾಟ್ಸ್‌ಆ್ಯಪ್ ಗುಂಪುಗಳಿಗೆ ತಲುಪಿ, ‘ನಾಲ್ಕು ಜನ ಹೊಗಳಿದ ಮೇಲೆ ಇವರಿಗೆ ಸೊಕ್ಕು ಬಂತು’ ಎಂಬ ಮಾತೂ ಕಿವಿಗೆ ಬಿದ್ದಿದೆ. ಅದನ್ನು ಕೇಳಿ ಸುಮ್ಮನಿರುವುದು ನಮ್ಮಿಂದಾಗದು.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಟಿಶ್ಯೂ ಕಲ್ಚರ್ ಬಾಳೆ ಸಸಿ ಇಪ್ಪತ್ತು ರೂಪಾಯಿ ಆಸುಪಾಸಿಗೆ ಸಿಗುತ್ತದೆ, ನಿಮ್ಮ ಹೆಬ್ಬೆರಳಿನಷ್ಟು ಕಳ್ಳಿಗೆ ಇಷ್ಟೇಕೆ?’ ಹಾನಗಲ್ ಕಡೆಯ ತೋಟದವರು ಕೇಳಿದ್ದಾರೆ, ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನವರು ಕೇಳಿದ್ದಾರೆ, ನಮ್ಮ ಬೀಗರೂ ಕೇಳಿದ್ದಾರೆ. ಬಾಳೆಯಲ್ಲಿ ಜಿ-9 ಎಂಬ ಒಂದೇ ತಳಿಯನ್ನು ದೊಡ್ಡ ಪ್ರಯೋಗಾಲಯಗಳು ಲಕ್ಷಗಟ್ಟಲೆ ಬೆಳೆಸುತ್ತವೆ. ರೈತರು ಎಕರೆ ಲೆಕ್ಕದಲ್ಲಿ ಬುಕ್ ಮಾಡುತ್ತಾರೆ. ಬಾಳೆ ಬೇಗ ಬೆಳೆಯುವ ಗಿಡ. ಕಳ್ಳಿ ಹಾಗಲ್ಲ. ಮುಳ್ಳಿನ ಪ್ರತಿ ಗೊಂಚಲಿನ ಬುಡದಲ್ಲೂ ಒಂದು ಮಲಗಿದ ಮೊಗ್ಗಿರುತ್ತದೆ. ಬೀಜದಿಂದ ಬಾಟಲಿಯಲ್ಲೇ ಬೆಳೆಸಿದ ಎಳೆ ಸಸಿಯ ತುದಿ ಕತ್ತರಿಸಿ, ಆ ಮೊಗ್ಗುಗಳನ್ನು ಬಿಎಪಿ ಎಂಬ ಸಸ್ಯ ಹಾರ್ಮೋನಿನಿಂದ ಎಬ್ಬಿಸಬೇಕು. ಮ್ಯಾಮಿಲೇರಿಯಾ ಎಂಬ ಕಳ್ಳಿಯಲ್ಲಿ ಕುಡಿ ಹೊಡೆಸುವ ಪ್ರಮಾಣವನ್ನೇ ಇನ್ನೊಂದು ಜಾತಿಗೆ ಹಾಕಿದರೆ ಬರೀ ಗಂಟುಗಂಟಾದ ಮಾಂಸಲ ಮುದ್ದೆ ಬೆಳೆದು ಕೂರುತ್ತದೆ. ಹೀಗಾಗಿ ಪ್ರತಿ ಜಾತಿಗೂ ಪಾಕ ಬೇರೆ, ನಷ್ಟವೂ ಬೇರೆ.

ಆ ನಷ್ಟ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತುಂಡಿನ ಅಂಚಿನಲ್ಲಿ ಒಂದು ಬಿಳಿ ಎಳೆ ಕಂಡರೆ ಮುಗಿಯಿತು. ಒಂದೆರಡು ದಿನ ಬಿಟ್ಟರೆ ಅಗರ್ (ಸಸಿ ಕೂರುವ, ಕಡಲಪಾಚಿಯಿಂದ ಮಾಡಿದ ಜೆಲ್ಲಿ) ಮೇಲೆಲ್ಲ ಬೂದು-ಹಸಿರು ಬೂಷ್ಟು ಹರಡಿರುತ್ತದೆ. ಅಂಥದ್ದನ್ನು ಮುಚ್ಚಳ ತೆರೆಯದೆ ಹಾಗೆಯೇ ಕುಕ್ಕರಿಗೆ ಹಾಕಿ ಬೇಯಿಸಿ ಎಸೆಯಬೇಕು. ತೆರೆದರೆ ಕೋಣೆಯೆಲ್ಲ ಅದರ ಬೀಜಕಣ. ಬೂಷ್ಟು ತಪ್ಪಿದರೂ ಕೆಲವು ಕುಡಿಗಳು ನೀರು ತುಂಬಿಕೊಂಡು, ಒತ್ತಿದರೆ ಒಡೆಯುವಂತಾಗುತ್ತವೆ. ಅವು ಎಷ್ಟೇ ಹಸಿರಾಗಿ ಕಂಡರೂ ಮಣ್ಣಿಗೆ ಬಂದ ಮೇಲೆ ಬದುಕುವುದು ಕಷ್ಟ.

‘ಮನೆಯ ಹಿಂದಿನ ಕೋಣೆಯಲ್ಲೇ ಮಾಡುತ್ತೀರಿ, ಖರ್ಚೇನು?’ ಎನ್ನುವವರಿಗೆ ಎರಡು ಮಾತು. ಕುಕ್ಕರ್ ಮನೆಯದೇ ಇರಬಹುದು, ಆದರೆ ಬಾಟಲಿ ಮತ್ತು ಪಾಕದ ಸೋಂಕು ಕಳೆಯಲು ಅದನ್ನು 15 ಪೌಂಡ್ ಒತ್ತಡದಲ್ಲಿ, 121 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಪ್ರತಿ ಕಂತಿಗೂ ಗ್ಯಾಸ್ ಉರಿಯುತ್ತದೆ. ಬೆಳೆಸುವ ಕೋಣೆ 25 ಡಿಗ್ರಿಯ ಆಸುಪಾಸಿನಲ್ಲಿರಬೇಕು, ದಿನಕ್ಕೆ 16 ಗಂಟೆ ದೀಪ ಬೇಕು. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದಾಗ ಇನ್ವರ್ಟರ್ ದೀಪಗಳನ್ನು ಉರಿಸುತ್ತದೆ, ಏಸಿಯನ್ನು ಎಳೆಯುವುದಿಲ್ಲ. ಇನ್ನು ತೆರಿಗೆ. ‘ಸಸಿಗಳಿಗೆ ಜಿಎಸ್‌ಟಿ ಇಲ್ಲವಲ್ಲ’ ಎಂದು ಬಿಲ್ ಹಿಡಿದು ಕೇಳುತ್ತೀರಿ. ನಿಜ, ನಿಮಗೆ ಮಾರುವ ಸಸಿಗೆ ಇಲ್ಲ. ನಾವು ಕೊಳ್ಳುವ ಅಗರ್, ರಾಸಾಯನಿಕ, ಬಾಟಲಿ, ರಟ್ಟಿನ ಪೆಟ್ಟಿಗೆ ಎಲ್ಲದಕ್ಕೂ ಇದೆ. ಮಾರುವ ವಸ್ತುವಿಗೆ ತೆರಿಗೆ ಇಲ್ಲದ ಕಾರಣಕ್ಕೇ ಕೊಂಡದ್ದರ ಮೇಲೆ ಕಟ್ಟಿದ್ದನ್ನು ನಾವು ಹಿಂದೆ ಪಡೆಯುವಂತಿಲ್ಲ. ಈ ಒಂದು ವಿಷಯದಲ್ಲಿ ನಮ್ಮನ್ನು ಬೈಯುವುದು ನ್ಯಾಯವಲ್ಲ.

ಅಗರ್ ಬದಲು ಸಾಬುದಾಣಿ ಬಳಸಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಮನೆಯಲ್ಲಿ ಹವ್ಯಾಸಕ್ಕೆ ಮಾಡುವವರು ಧಾರಾಳವಾಗಿ ಮಾಡಿ ನೋಡಿ. ನಮಗೆ ಒಗ್ಗದು, ಏಕೆಂದರೆ ಅದು ಮಬ್ಬು. ಒಳಗೆ ಸೋಂಕು ಹತ್ತಿದರೂ ಬೇಗ ಕಾಣುವುದಿಲ್ಲ. ‘ಕೆಮಿಕಲ್ ಗಿಡ’ ಎನ್ನುವವರಿಗೆ ಹೇಳುವುದು ಇಷ್ಟೇ: ನಮ್ಮ ಬಾಟಲಿಯಲ್ಲಿರುವುದು ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಲವಣಗಳ ಮಿಶ್ರಣ, ಲೀಟರಿಗೆ 30 ಗ್ರಾಂ ಸಕ್ಕರೆ, ಚಿಟಿಕೆಗಿಂತ ಕಡಿಮೆ ಹಾರ್ಮೋನು. ಗುಟ್ಟೇನೂ ಇಲ್ಲ.

ಹಾಗಾದರೆ ಬಾಟಲಿ ಸಸಿ ನಿಲ್ಲಿಸುವುದೇಕೆ? ಬಾಟಲಿಯೊಳಗೆ ತೇವ ತುಂಬಿರುವುದರಿಂದ ಸಸಿಯ ಮೈಮೇಲಿನ ಮೇಣದ ಪದರ ಸರಿಯಾಗಿ ಬೆಳೆದಿರುವುದಿಲ್ಲ, ಮುಳ್ಳೂ ಮೆತ್ತಗಿರುತ್ತದೆ. ಅದನ್ನು ಸೀದಾ ತಾರಸಿಗೆ ಒಯ್ಯುವುದೆಂದರೆ ಬಾಣಂತಿ ಕೋಣೆಯ ಕೂಸನ್ನು ಬಿಸಿಲಿಗೆ ಮಲಗಿಸಿದಂತೆ. ಗದಗಿನ ಬಿಸಿಲಿಗೆ ಅದು ಸುಟ್ಟು ಬೆಳ್ಳಗಾಗುತ್ತದೆ. ಧಾರವಾಡದ ಜುಲೈ ಜಿಟಿಜಿಟಿ ಮಳೆಯಲ್ಲಿ ಬುಡದಿಂದ ಕೊಳೆಯುತ್ತದೆ. ಬೇರಿಗೆ ಅಂಟಿದ ಅಗರ್‌ನಲ್ಲಿ ಸಕ್ಕರೆ ಇರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ, ಚಿತ್ರ ಬರೆಯುವ ಮೆತ್ತನೆ ಕುಂಚದಿಂದ ಅದನ್ನೆಲ್ಲ ತೊಳೆಯದಿದ್ದರೆ ಮಣ್ಣಿನ ಶಿಲೀಂಧ್ರಕ್ಕೆ ಹಬ್ಬ. ಈ ಕೆಲಸವನ್ನು ಇಷ್ಟು ದಿನ ನಿಮ್ಮಿಂದ ಮಾಡಿಸುತ್ತಿದ್ದೆವು. ಇನ್ನು ನಾವೇ ತೊಳೆದು, ಮರಳು ಮತ್ತು ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲಿನ ಚೂರು) ಬೆರೆಸಿದ ಮಣ್ಣಿಗೆ ಹಾಕಿ, ಮುಚ್ಚಿಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆದು, ಮುಳ್ಳು ಬೆರಳಿಗೆ ಚುಚ್ಚುವಷ್ಟು ಗಟ್ಟಿಯಾದ ಮೇಲೆ ಕೊಡುತ್ತೇವೆ. ಇದಕ್ಕೆ ಮೂರು-ನಾಲ್ಕು ತಿಂಗಳು ಹಿಡಿಯುತ್ತದೆ. ಹೆಚ್ಚಿಸಿದ ಎಂಬತ್ತು ರೂಪಾಯಿ ಆ ತಿಂಗಳುಗಳದ್ದು.

ಕೆಂಪು ತಲೆಯ ಕಳ್ಳಿಯ ದರ ಬದಲಾಗುವುದಿಲ್ಲ. ಅದರಲ್ಲಿ ಪತ್ರಹರಿತ್ತಿಲ್ಲ, ಸ್ವಂತ ಬೇರಿನ ಮೇಲೆ ಬದುಕದು; ಡ್ರ್ಯಾಗನ್ ಹಣ್ಣಿನ ಕಾಂಡಕ್ಕೆ ಕಸಿ ಕಟ್ಟಿಯೇ ಕೊಡುತ್ತೇವೆ. ಬಣ್ಣದ ಪಟ್ಟೆಯ ಜಾತಿಗಳನ್ನೂ ಬಾಟಲಿಗೆ ಹಾಕುವುದಿಲ್ಲ, ಪಟ್ಟೆ ಅಳಿಸಿ ಬರೀ ಹಸಿರು ಬರುವ ಅಪಾಯವಿದೆ.

ಮುಂಗಡ ಕೊಟ್ಟವರಿಗೆಲ್ಲ ಹಳೆಯ ದರವೇ, ಸಸಿ ಮಾತ್ರ ಹೊಸ ರೀತಿಯದು. ನಮ್ಮಿಂದ ಒಯ್ದ ಗಿಡ ಬಾಡುತ್ತಿದ್ದರೆ ಫೋಟೋ ಕಳಿಸುವ ಬದಲು ಕುಂಡವನ್ನೇ ತನ್ನಿ; ಬೇರು ನೋಡದೆ ನಾವು ಏನನ್ನೂ ಹೇಳುವುದಿಲ್ಲ, ನೋಡಿದ್ದಕ್ಕೆ ದುಡ್ಡೂ ಕೇಳುವುದಿಲ್ಲ. ಹಳೆಯ ಗಾಜಿನ ಬಾಟಲಿಗಳು ಮನೆಯಲ್ಲಿದ್ದರೆ ಮುಚ್ಚಳದ ಸಮೇತ ತನ್ನಿ, ಒಂದಕ್ಕೆ ಹತ್ತು ರೂಪಾಯಿಯಂತೆ ಬಿಲ್ಲಿನಲ್ಲಿ ಕಳೆಯುತ್ತೇವೆ.

ನಿಮ್ಮ ವಿಶ್ವಾಸಿಗಳು,
ನರ್ಸರಿಯ ಮನೆಮಂದಿ
ಮಾಳಮಡ್ಡಿ, ಧಾರವಾಡ